ಗುಂಡಿ ಬಿಟ್ಟ ಮೇಲಿನ ಉಸಿರು

ನಮ್ಮವರು ಚೆನ್ನಾಗಿ ಮಾತಾಡಿದ್ದೇ ತಪ್ಪಾಯಿತು. ಎಲ್ಲ ರೋಗಿಗಳ ಹಾಗೆ ಎದೆ ಹಿಡಿದುಕೊಂಡು ಅಯ್ಯೋ ಅಪ್ಪಾ ಅಂತ ನರಳಿದ್ದರೆ ಆ ನರ್ಸ್ ಅವರ ಮಣಿಕಟ್ಟಿಗೆ ಹಸಿರು ಪಟ್ಟಿ ಕಟ್ಟುತ್ತಿರಲಿಲ್ಲ. ಆದರೆ ಈ ಮನುಷ್ಯನಿಗೆ ನರಳುವುದಕ್ಕೆ ಬರುವುದಿಲ್ಲ. ಜೀವ ಹೋಗುತ್ತಿದ್ದರೂ ಅದನ್ನು ಸ್ಪಷ್ಟವಾಗಿ ತಿಳಿಸಿ, ಅಡಚಣೆಗಾಗಿ ವಿಷಾದಿಸುವ ಪೈಕಿ.

ಇವರು ಬಸ್ ನಿಲ್ದಾಣದಲ್ಲಿ ಅನೌನ್ಸರ್. ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆ, ಯಾವುದು ತಡ, ಯಾರ ಮಗು ಕಚೇರಿಯಲ್ಲಿ ಅಳುತ್ತಾ ಕೂತಿದೆ, ಎಲ್ಲವನ್ನೂ ಊರು ಇವರ ಬಾಯಿಂದಲೇ ಕೇಳಬೇಕು. ನಡುವೆ ಒಮ್ಮೆ ರೆಕಾರ್ಡ್ ಮಾಡಿದ ದನಿಯ ಯಂತ್ರವನ್ನು ತಂದಿಟ್ಟಿದ್ದರು. ಅದು ಬೆಳಗಿನ ಬಸ್ಸನ್ನು ಸಂಜೆಗೆ ಕಳಿಸಲು ಶುರು ಮಾಡಿದ ಮೇಲೆ ಅದನ್ನು ಮೂಲೆಗೆ ಹಾಕಿ ಮತ್ತೆ ಇವರನ್ನೇ ಕೂರಿಸಿದರು. ಬಾಯಿ ತೆರೆದರೆ 'ಪ್ರಯಾಣಿಕರ ಗಮನಕ್ಕೆ' ಎಂದೇ ಶುರುವಾಗುವುದರಿಂದ ಇವರಿಗೆ ಗಮನಕ್ಕೆ ಸಾರ್ ಅಂತಲೇ ಹೆಸರು ಬಿದ್ದಿದೆ. ತರಕಾರಿ ಅಂಗಡಿಯಲ್ಲಿ ನಾನು ಗಮನಕ್ಕೆ ಸಾರ್ ಮನೆಯವರು. ನನ್ನ ಮಾತಿನ ಕಡೆ ಈ ಸಾರ್ ಎಷ್ಟು ಗಮನ ಕೊಡುತ್ತಾರೆ ಅಂತ ತರಕಾರಿಯವನಿಗೇನು ಗೊತ್ತು.

ಇವರ ಕೆಲಸದಲ್ಲಿ ಒಂದು ಗುಟ್ಟಿದೆ. ಪ್ಲಾಟ್‌ಫಾರಂಗಳ ಮೇಲೆ ಗಾಜಿನ ಗೂಡಿನಂಥ ಕೋಣೆ. ಅದರಲ್ಲಿ ಮೇಜು, ಮೈಕು, ಮೈಕಿನ ಬುಡದಲ್ಲಿ ಒಂದು ಗುಂಡಿ. ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಮಾತು ಹೊರಗೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಇವರಿಗೆ ಚಿಕ್ಕಂದಿನಿಂದ ಆಸ್ತಮಾ. ಏದುಸಿರು ಊರಿಗೆ ಕೇಳಬಾರದು ಅಂತ ಇವರೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಇದ್ದಷ್ಟು ಉಸಿರನ್ನು ಒಟ್ಟುಮಾಡಿಕೊಂಡು, ಗುಂಡಿ ಒತ್ತಿ, ಇಡೀ ಪ್ರಕಟಣೆಯನ್ನು ಒಂದೇ ಓಟದಲ್ಲಿ ಮುಗಿಸುತ್ತಾರೆ. ಆಮೇಲೆ ಗುಂಡಿ ಬಿಟ್ಟು, ಮುಖ ಆಚೆ ತಿರುಗಿಸಿ ಉಸಿರಾಡುತ್ತಾರೆ. ಊಟದ ಡಬ್ಬಿ ಕೊಡಲು ಹೋದಾಗ ನಾನೇ ನೋಡಿದ್ದೇನೆ. ಗುಂಡಿ ಒತ್ತಿದಾಗ ಮಹಾರಾಜ, ಬಿಟ್ಟಾಗ ದಡಕ್ಕೆ ಎತ್ತಿ ಹಾಕಿದ ಮೀನು. ಊರಿನವರು ಕೇಳಿರುವುದು ಮಹಾರಾಜನನ್ನು ಮಾತ್ರ.

ಅವತ್ತು ಆ ಗಾಜಿನ ಕೋಣೆಯ ಕೆಳಗಿನ ಕಂಬಿಗಳಿಗೆಲ್ಲ ಬಣ್ಣ ಹೊಡೆಯುತ್ತಿದ್ದರು. ಹಿಂದಿನ ದಿನವೇ ಇವರ ಅಂಗಿಗೆ ಆ ವಾಸನೆ ಹಿಡಿದಿತ್ತು. ಈ ಕೆಲಸ ಮುಗಿಯುವ ತನಕ ರಜೆ ಹಾಕಿ ಅಂತ ಬೆಳಿಗ್ಗೆ ಬಾಯಿ ಬಡಿದುಕೊಂಡೆ. ಬಣ್ಣ ಆಗಲೇ ಒಣಗಿದೆ ಎಂದರು. ಒಣಗಿಲ್ಲ ಎಂದೆ. ನಿನಗೆ ಹೇಗೆ ಗೊತ್ತು ಎಂದರು. ಮುಖದ ಮೇಲೆ ಮೂಗು ಅಂತ ಒಂದಿದೆ, ಅದರಿಂದ ಗೊತ್ತು ಎಂದೆ. ಗಂಟಲಿಗೆ ಮಫ್ಲರ್ ಸುತ್ತಿಕೊಂಡು, ಬಾಯಿಗೆ ಔಷಧಿ ಹೊಡೆದುಕೊಳ್ಳುವ ಆ ನೀಲಿ ಪಂಪನ್ನು ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು. ಗಂಟಲೇ ಅನ್ನ ಹಾಕುವುದು, ಅದನ್ನು ಕಾಪಾಡಿಕೊಳ್ಳಬೇಕಂತೆ. ಆ ಮಫ್ಲರನ್ನು ಬೇಸಿಗೆಯಲ್ಲೂ ಬಿಚ್ಚುವುದಿಲ್ಲ.

ನಾನು ನೀರು ಸರಬರಾಜು ಕಚೇರಿಯಲ್ಲಿ ದೂರಿನ ಫೋನ್ ಎತ್ತುವವಳು. ದಿನವಿಡೀ ಜನರಿಂದ ಬೈಸಿಕೊಳ್ಳುವುದಕ್ಕೆ ಸಂಬಳ. ಊಟದ ಹೊತ್ತಿಗೆ ಮುಂಚೆ ನಿಲ್ದಾಣದ ಕಂಟ್ರೋಲರ್ ಫೋನ್ ಮಾಡಿದರು. ಸಾರ್‌ಗೆ ಬೆಳಿಗ್ಗೆಯಿಂದ ಉಸಿರು ಹಿಡಿದಂತಿದೆ, ಪಂಪು ಎಷ್ಟು ಹೊಡೆದುಕೊಂಡರೂ ಬಗ್ಗುತ್ತಿಲ್ಲ, ಆದರೆ ಗಾಬರಿ ಮಾಡಿಕೊಳ್ಳಬೇಡಿ, ಕೆಲಸ ಮಾಡುತ್ತಲೇ ಇದ್ದಾರೆ ಎಂದರು. ಅವರ ಮಾತಿನ ಹಿಂದೆಯೇ ನಮ್ಮವರು ಮೂರನೇ ಪ್ಲಾಟ್‌ಫಾರಂನ ಬಸ್ಸನ್ನು ಕಳಿಸಿಕೊಡುತ್ತಿರುವುದು ನನಗೂ ಕೇಳಿಸಿತು. ಒಂದಕ್ಷರ ನಡುಗಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಹೋಗುವಷ್ಟರಲ್ಲಿ ಇವರ ಅಕ್ಕ ಅಲ್ಲಿದ್ದರು. ನಿಲ್ದಾಣದ ಹಿಂದಿನ ಬೀದಿಯಲ್ಲೇ ಅವರ ಮನೆ. ಶಾಲೆಯಲ್ಲಿ ಹೆಡ್ ಮೇಡಂ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ಸುದ್ದಿ ಅವರ ದನಿಗಿನ್ನೂ ತಲುಪಿಲ್ಲ. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ, ಅವರು ನನ್ನನ್ನು ಆದಷ್ಟೂ ಏನೂ ಅನ್ನದೆ ಬೆರಳು ತೋರಿಸಿ ಕರೆಯುತ್ತಾರೆ. ಮೂವರೂ ಟ್ಯಾಕ್ಸಿ ಹತ್ತಿದೆವು. ಇವರ ಎದೆಯೊಳಗಿಂದ ಸುಂಯ್ ಸುಂಯ್ ಎಂದು ಸೀಟಿ ಬರುತ್ತಿತ್ತು. ಕಿಟಕಿ ಗಾಜು ಏರಿಸಿದರೆ ಇನ್ನೂ ಜೋರಾಗಿ ಕೇಳುತ್ತಿತ್ತು. ಅದರ ನಡುವೆಯೇ ಡ್ರೈವರ್‌ಗೆ ಮುಂದಿನ ತಿರುವಿನಲ್ಲಿ ರಸ್ತೆ ಅಗೆದಿದ್ದಾರೆ, ಎಡಕ್ಕೆ ಹೋಗುವುದು ಉತ್ತಮ ಅಂತ ಬೇರೆ ಹೇಳಿದರು. ಅತ್ತಿಗೆ ನನ್ನ ಕಡೆ ತಿರುಗಿ, ನೋಡು, ಎಷ್ಟು ಸರಿಯಾಗಿದ್ದಾನೆ ಎನ್ನುವ ಹಾಗೆ ಹುಬ್ಬು ಹಾರಿಸಿದರು.

ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲೇ ಒಂದು ಮೇಜು, ಅದರ ಹಿಂದೆ ನರ್ಸ್. ಬಂದವರನ್ನು ನೋಡಿ ಮಣಿಕಟ್ಟಿಗೆ ಬಣ್ಣದ ಪಟ್ಟಿ ಕಟ್ಟುವುದು ಆಕೆಯ ಕೆಲಸ. ಕೆಂಪಾದರೆ ನೇರ ಒಳಗೆ. ಹಳದಿಯಾದರೆ ಸ್ವಲ್ಪ ಹೊತ್ತಿಗೆ. ಹಸಿರಾದರೆ ಬೆಂಚಿನ ಮೇಲೆ, ದೇವರು ಕರೆಯುವ ತನಕ. ಆಕೆ ನನ್ನನ್ನು ಕಂಡ ಕೂಡಲೇ ಮುಖ ಗಂಟಿಕ್ಕಿದಳು. ನಮ್ಮ ಅತ್ತೆಯವರು ಕಾಲು ಮುರಿದುಕೊಂಡಿದ್ದಾಗ ಇದೇ ಮೇಜಿನ ಮುಂದೆ ನಿಂತು ನಾನು ಆಕೆಯ ಜೊತೆ ಜಗಳವಾಡಿದ್ದೆ. ಎಕ್ಸ್‌ರೇಯಲ್ಲಿ ಕಾಲು ಮುರಿದೇ ಇರಲಿಲ್ಲ, ಬರೀ ಉಳುಕು ಎಂದು ಆಮೇಲೆ ಗೊತ್ತಾಯಿತು. ಅದನ್ನು ಆಕೆ ಮರೆತಿರಲಿಲ್ಲ.

ಆಕೆ ಇವರನ್ನು ಕೇಳಿದಳು, ಇವರು ಹೇಳಿದರು. ಬೆಳಿಗ್ಗೆಯಿಂದ ಉಸಿರಾಟದಲ್ಲಿ ಸ್ವಲ್ಪ ತೊಂದರೆ ಇದೆ, ಪಂಪು ಬಳಸಿದ್ದೇನೆ. ಆಕೆ ತಲೆ ತಗ್ಗಿಸಿ ಬರೆದುಕೊಂಡಳು. ತಲೆ ಎತ್ತುವಷ್ಟರಲ್ಲಿ ಇವರು ಎರಡನೇ ಉತ್ತರಕ್ಕೆ ಸಿದ್ಧ. ಜ್ವರ ಇಲ್ಲ, ಕಫ ಇಲ್ಲ, ಎದೆನೋವು ಇಲ್ಲ. ಬೆರಳಿಗೆ ಕ್ಲಿಪ್ ಕಚ್ಚಿಸಿ ಆಮ್ಲಜನಕ ನೋಡಿದಳು, ತೊಂಬತ್ತಮೂರು, ಪರವಾಗಿಲ್ಲ ಎಂದಳು. ನಾಡಿ ಓಡುತ್ತಿದೆಯಲ್ಲ ಎಂದೆ. ಅಷ್ಟು ಪಂಪು ಹೊಡೆದುಕೊಂಡರೆ ಓಡುತ್ತದೆ, ಔಷಧಿಯ ಗುಣವೇ ಅದು ಎಂದಳು. ಸುಳ್ಳೇನೂ ಅಲ್ಲ. ಊದಿಸಿ ನೋಡುವ ಕೊಳವೆ ಇದೆಯಲ್ಲ, ಎಷ್ಟು ಜೋರಾಗಿ ಊದುತ್ತಾರೋ ಅಷ್ಟು ಮುಳ್ಳು ಏರುತ್ತದೆ, ಅದರಲ್ಲಿ ಊದಿಸಿ ಎಂದೆ. ಅದಕ್ಕೆ ಹಾಕುವ ರಟ್ಟಿನ ಬಾಯಿ ಮುಗಿದಿದೆ, ಹೊಸ ಪೆಟ್ಟಿಗೆ ಬೀರುವಿನಲ್ಲಿದೆ, ಬೀಗದ ಕೈ ಸ್ಟೋರಿನವರ ಹತ್ತಿರ, ಸ್ಟೋರಿನವರು ಊಟಕ್ಕೆ ಹೋಗಿದ್ದಾರೆ. ಹಾಗೆ ಹೇಳಿ ಮುಗಿಸಿ ಸುರುಳಿಯಿಂದ ಹಸಿರು ಪಟ್ಟಿ ಕಿತ್ತಳು.

"ಸಿಸ್ಟರ್, ಇವ್ರ ಮಾತು ಕೇಳಿ ಪಟ್ಟಿ ಕಟ್ಬೇಡಿ," ಎಂದೆ.

"ಮತ್ಯಾರ ಮಾತು ಕೇಳಿ ಕಟ್ಲಿ? ನಿಮ್ಮದಾ?"

ಆಕೆಯ ಹಿಂದಿನ ಗೋಡೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ದೊಡ್ಡ ಹಾಳೆ ತೂಗುಹಾಕಿತ್ತು. ಆಸ್ತಮಾ ಎಂದು ಮೇಲೆ ಬರೆದು, ಕೆಳಗೆ ಮೂರು ಬಣ್ಣ. ಕೆಂಪಿನ ಮೊದಲ ಸಾಲು: ಒಂದೇ ಉಸಿರಿನಲ್ಲಿ ಪೂರ್ತಿ ವಾಕ್ಯ ಹೇಳಲಾಗದು. ಆಕೆ ಆ ಸಾಲನ್ನು ಪೆನ್ನಿನಿಂದ ತಟ್ಟಿ ತೋರಿಸಿದಳು. ನಿಮ್ಮ ಯಜಮಾನರು ನನಗಿಂತ ಚೆನ್ನಾಗಿ ವಾಕ್ಯ ಹೇಳುತ್ತಿದ್ದಾರಲ್ಲ ಎಂದಳು. ಅತ್ತಿಗೆಯೂ ದನಿಗೂಡಿಸಿ, ಇವಳು ಸ್ವಲ್ಪ ಹೀಗೇ ಸಿಸ್ಟರ್, ಇರುವೆ ಕಚ್ಚಿದರೂ ಆಂಬುಲೆನ್ಸ್ ಕರೆಸುತ್ತಾಳೆ ಎಂದರು. ಇಬ್ಬರೂ ನಕ್ಕರು. ನಮ್ಮವರೂ ಸಭ್ಯತೆಗೆ ತುಟಿ ಅಗಲಿಸಿದರು. ಆ ನಗು ನೋಡಿ ನನಗೆ ಆ ಹಾಳೆಯನ್ನು ಗೋಡೆಯಿಂದ ಕಿತ್ತು ಮೂವರ ತಲೆಗೂ ಸುತ್ತಬೇಕು ಅನ್ನಿಸಿತು.

ಬೆಂಚಿನ ಮೇಲೆ ಕೂತೆವು. ಬೆರಳು ಕೊಯ್ದುಕೊಂಡ ಬಡಗಿಯೊಬ್ಬ ಆಸ್ಪತ್ರೆ ಎದ್ದು ಬರುವ ಹಾಗೆ ಕಿರುಚಿ ಹಳದಿ ಪಟ್ಟಿ ಗಿಟ್ಟಿಸಿಕೊಂಡು ಒಳಗೆ ಹೋದ. ಇದೇನು ನನಗೆ ಹೊಸದಲ್ಲ. ನಮ್ಮ ಕಚೇರಿಯಲ್ಲೂ ಕೂಗಾಡುವವರ ಮನೆಗೆ ಮೊದಲು ಆಳು ಹೋಗುತ್ತದೆ, ನಿಧಾನವಾಗಿ ಹೇಳುವವರಿಗೆ ನಾಳೆ ಎನ್ನುತ್ತೇವೆ. ಬೀದಿಯ ದೊಡ್ಡ ಪೈಪು ಒಡೆದಿರುವುದನ್ನು ಯಾವಾಗಲೂ ಆ ನಿಧಾನದವರೇ ಹೇಳಿರುತ್ತಾರೆ. ಅದಕ್ಕೇ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸಲ ಎದ್ದು ಮೇಜಿನ ಹತ್ತಿರ ಹೋದೆ. ಎರಡು ಸಲವೂ ಸರದಿ ಬರಲಿ ಎಂದಳು ಆ ನರ್ಸ್. ಗೋಡೆಗೆ ಹೇಳಿದ್ದರೆ ಅದಾದರೂ ಒಂದಿಷ್ಟು ಸುಣ್ಣ ಉದುರಿಸುತ್ತಿತ್ತು.

ಆಗ ಇವರ ಎದೆಯ ಸೀಟಿ ನಿಂತಿತು.

ಅತ್ತಿಗೆಗೆ ಎಲ್ಲಿಲ್ಲದ ಸಮಾಧಾನ. ನೋಡಿದೆಯಾ, ಪಂಪಿನ ಔಷಧಿ ಈಗ ಹಿಡಿಯಿತು, ಶಬ್ದವೇ ಇಲ್ಲ, ನೀನು ಸುಮ್ಮನೆ ಊರು ಕೊಳ್ಳೆ ಹೋದವಳ ಹಾಗೆ ಆಡುತ್ತೀಯ ಎಂದರು. ನಾನೂ ಒಂದು ಕ್ಷಣ ಹಾಗೇ ಅಂದುಕೊಂಡೆ. ಆಮೇಲೆ ಇವರ ಮುಖ ನೋಡಿದೆ. ಗುಣವಾದ ಮನುಷ್ಯನ ಮುಖ ಅದಾಗಿರಲಿಲ್ಲ. ಹಣೆಯಲ್ಲಿ ಬೆವರು ಹನಿಗಟ್ಟಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಒರೆಸಿಕೊಳ್ಳದೆ ಇರುವವರಲ್ಲ ಇವರು. ಅಂಗಿಯ ಮಡಿಕೆ ಮುರಿದರೂ ಸಹಿಸದ ಜಾತಿ. ಎರಡೂ ಕೈಯನ್ನು ಬೆಂಚಿನ ಅಂಚಿಗೆ ಊರಿ, ಭುಜ ಎತ್ತಿಕೊಂಡು, ನೆಲದ ಒಂದೇ ಹಾಸುಗಲ್ಲನ್ನು ನೋಡುತ್ತಾ ಕೂತಿದ್ದರು. ಹೇಗಿದೀರಿ ಎಂದೆ. "ಈಗ ಸ್ವಲ್ಪ ಪರವಾಗಿಲ್ಲ," ಎಂದರು. ಆ ಮಾತು ಗಟ್ಟಿಯಾಗಿಯೇ ಬಂತು.

ಮೂರನೇ ಸಲ ನಾನು ಮೇಜಿನ ಹತ್ತಿರ ಹೋಗಲಿಲ್ಲ. ಒಳಬಾಗಿಲನ್ನೇ ತಳ್ಳಿದೆ. ಕಾವಲಿನವನು ಅಡ್ಡ ಬಂದ. ಅವನ ಮೇಲೆ ಹರಿಹಾಯ್ದೆ. ನರ್ಸ್ ಎದ್ದು ಬಂದಳು, ಆಕೆಯ ಮೇಲೂ ಹರಿಹಾಯ್ದೆ. ನಿಮ್ಮ ಬೀರು, ನಿಮ್ಮ ಬೀಗ, ನಿಮ್ಮ ಊಟದ ಹೊತ್ತು, ಯಾವುದನ್ನೂ ಬಿಡಲಿಲ್ಲ. ಗಲಾಟೆ ಕೇಳಿ ಡ್ಯೂಟಿ ಡಾಕ್ಟರೇ ಹೊರಗೆ ಬಂದರು. ಚಿಕ್ಕ ವಯಸ್ಸು, ನಿದ್ದೆಗೆಟ್ಟ ಕಣ್ಣು, ಕತ್ತಿನಲ್ಲಿ ಸ್ಟೆತಾಸ್ಕೋಪು. ಒಳಗೆ ಎದೆನೋವಿನ ಕೇಸಿದೆ, ಏನಮ್ಮಾ ನಿಮ್ಮದು ಎಂದು ಗದರಿದರೂ ನೇರ ಬೆಂಚಿನ ಹತ್ತಿರ ಬಂದರು. ಅಷ್ಟಾದರೂ ಆಯಿತಲ್ಲ ಅಂತ ನನಗೆ ಜೀವ ಬಂತು.

ಬಂದ ಜೀವ ಹೋಗಲು ಹೊತ್ತೇನೂ ಹಿಡಿಯಲಿಲ್ಲ. ಹೇಗಿದೆ ಉಸಿರು ಎಂದು ಡಾಕ್ಟರ್ ಕೇಳಿದರು. ಇವರು, "ನಮಸ್ಕಾರ ಡಾಕ್ಟ್ರೇ, ಸ್ವಲ್ಪ ತೊಂದ್ರೆ ಇದೆ," ಎಂದರು. ಅಷ್ಟೇ. ಡಾಕ್ಟರ ಮುಖ ಅರಳಿಹೋಯಿತು. ಈ ದನಿ ಎಲ್ಲೋ ಕೇಳಿದ್ದೇನಲ್ಲ ಎಂದರು. ಅತ್ತಿಗೆ ತಡಮಾಡದೆ, ಬಸ್ ನಿಲ್ದಾಣದ ಅನೌನ್ಸರ್ ನನ್ನ ತಮ್ಮ ಎಂದು ಹೆಮ್ಮೆಯಿಂದ ಹೇಳಿದರು. ಡಾಕ್ಟರ್ ಓದುವಾಗ ಐದು ವರ್ಷ ಅದೇ ನಿಲ್ದಾಣದಿಂದ ಓಡಾಡಿದವರಂತೆ. ಪರೀಕ್ಷೆಯ ಬೆಳಿಗ್ಗೆ ಈ ದನಿ ಕೇಳಿದರೆ ಧೈರ್ಯ ಬರುತ್ತಿತ್ತಂತೆ. ಕಿವಿಗೆ ಸ್ಟೆತಾಸ್ಕೋಪು ಸಿಕ್ಕಿಸಿಕೊಳ್ಳುತ್ತಾ, "ಒಂದ್ ಸಲ ಹೇಳಿ ಸಾರ್, ಪ್ರಯಾಣಿಕರ ಗಮನಕ್ಕೆ," ಎಂದುಬಿಟ್ಟರು.

ಬೇಡ ಎನ್ನಬಹುದಿತ್ತು. ಆಗುತ್ತಿಲ್ಲ ಎನ್ನಬಹುದಿತ್ತು. ತಲೆಯಾಡಿಸಬಹುದಿತ್ತು. ಆದರೆ ಕೇಳಿದವರಿಗೆ ಇಲ್ಲ ಎಂದ ಮನುಷ್ಯನಲ್ಲ ಇವರು, ನನ್ನೊಬ್ಬಳನ್ನು ಬಿಟ್ಟು. ಬೆನ್ನು ನೆಟ್ಟಗೆ ಮಾಡಿಕೊಂಡರು. ಪ್ರಯಾಣಿಕರ ಗಮನಕ್ಕೆ, ಐದನೇ ಪ್ಲಾಟ್‌ಫಾರಂನಲ್ಲಿ ನಿಂತಿರುವ ಬಸ್ಸು ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು. ಹೊರಗೇ ಉಳಿದಿದ್ದ ಬಡಗಿಯ ಹೆಂಡತಿ ಅಳು ನಿಲ್ಲಿಸಿದಳು.

ಡಾಕ್ಟರ್ ಅಂಗಿಯ ಮೇಲಿಂದಲೇ ಬೆನ್ನಿಗೆ ಒಂದೆರಡು ಕಡೆ ಸ್ಟೆತಾಸ್ಕೋಪು ಇಟ್ಟು ಕೇಳಿದರು. ಸೀಟಿ ಇಲ್ಲ, ಒಳ್ಳೆಯದು ಎಂದರು. ಪೂರ್ತಿ ವಾಕ್ಯ ಹೇಳುತ್ತಿದ್ದಾರೆ, ಅದೇ ನಾವು ಮೊದಲು ನೋಡುವುದು, ಸರದಿಯಲ್ಲಿ ಕರೆದು ಔಷಧಿಯ ಆವಿ ಕೊಡುತ್ತೇವೆ ಎಂದರು. ಇದಕ್ಕೆಲ್ಲ ಹೀಗೆ ಕೂಗಾಡಬಾರದಮ್ಮ ಅಂತ ನನಗೆ ಬುದ್ಧಿ ಹೇಳಿ ಒಳಗಿನ ಎದೆನೋವಿನ ಕಡೆ ತಿರುಗಿದರು. ದಿನವೆಲ್ಲ ಮಾತಿನಲ್ಲೇ ಬದುಕುವವಳಿಗೆ ಹಾಳಾದ್ದು ಬೇಕಾದಾಗ ಒಂದು ಮಾತು ಸಿಗಬಾರದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು, ಆ ನೀರು ಕಾಣಬಾರದೆಂದು ತಲೆ ತಗ್ಗಿಸಿದೆ.

ತಗ್ಗಿಸಿದ್ದಕ್ಕೇ ಕಂಡಿತು. ಇವರ ಬಲಗೈ ಹೆಬ್ಬೆರಳು ಬೆಂಚಿನ ಕಬ್ಬಿಣದ ಅಂಚನ್ನು ಒತ್ತಿ ಹಿಡಿದಿತ್ತು, ಉಗುರು ಬೆಳ್ಳಗಾಗುವಷ್ಟು. ಡಾಕ್ಟರು ಬೆನ್ನು ತಿರುಗಿಸಿದ ಮೇಲೆ ಆ ಬೆರಳು ಮೆಲ್ಲಗೆ ಮೇಲೆದ್ದಿತು. ಕೂಡಲೇ ಇವರ ಮುಖ ಆಚೆ ಹೊರಳಿತು, ಮಫ್ಲರಿನೊಳಗೆ ಬಾಯಿ ತೆರೆಯಿತು. ಮೈಕಿಲ್ಲ, ಮೇಜಿಲ್ಲ, ಗುಂಡಿಯಿಲ್ಲ. ಈ ಮಹಾರಾಯರು ಆಸ್ಪತ್ರೆಯ ಬೆಂಚನ್ನೇ ಒತ್ತಿಕೊಂಡು ಪ್ರಕಟಣೆ ಕೊಡುತ್ತಿದ್ದರು. ಟ್ಯಾಕ್ಸಿಯಲ್ಲೂ ಅದೇ, ನರ್ಸ್ ಮುಂದೆಯೂ ಅದೇ. ನಮ್ಮ ಮನೆಯ ಊಟದ ಮೇಜಿನ ಅಂಚಿನಲ್ಲಿ ಇವರು ಕೂರುವ ಜಾಗದಲ್ಲಿ ಮಾತ್ರ ಪಾಲಿಶ್ ಹೋಗಿರುವುದು ಯಾಕೆ ಅಂತ ನನಗೆ ಆಗ ಹೊಳೆಯಿತು.

ನಾನು ಡಾಕ್ಟರ ಕೋಟಿನ ತುದಿಯನ್ನೇ ಹಿಡಿದೆಳೆದೆ. ಈ ಸಲ ಕೂಗಲಿಲ್ಲ.

"ಇವ್ರು ಮಾತಾಡೋವಾಗ ಅಲ್ಲ ಡಾಕ್ಟ್ರೇ, ಮಾತು ನಿಲ್ಲಿಸಿದ ಮೇಲೆ ನೋಡಿ. ಒಂದ್ ನಿಮಿಷ. ಆಮೇಲೆ ನನ್ನ ಹೊರಗೆ ಹಾಕಿಸಿ."

ನೆಲಕ್ಕೆ ಕೂತು ಇವರ ಬಲಗೈಯನ್ನು ಬೆಂಚಿನಿಂದ ಬಿಡಿಸಿ ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮಂಜಿನ ಹಾಗೆ ತಣ್ಣಗಿತ್ತು. ಹೆಬ್ಬೆರಳು ನನ್ನ ಅಂಗೈಯೊಳಗೆ ಏನನ್ನೋ ಹುಡುಕಿತು, ಒತ್ತಲು ಗಟ್ಟಿಯಾದದ್ದು ಏನೂ ಸಿಗಲಿಲ್ಲ. ಬೆಳಿಗ್ಗೆ ನಾನು ನಿಮಗೆ ಏನು ಹೇಳಿದೆ ಎಂದು ಕೇಳಿದೆ. ಇದಕ್ಕೆ ಬಾಯಿಪಾಠದ ಉತ್ತರವಿಲ್ಲ. ಇವರು ನನ್ನನ್ನು ನೋಡಿದರು. ಮುಖ ತಿರುಗಿಸಲು ಹೋದರು, ನಾನು ಬಿಡಲಿಲ್ಲ.

"ಬಣ್ಣ," ಎಂದರು. ಬಾಯಿ ತೆರೆದೇ ಇತ್ತು, ಗಾಳಿ ಹೋಗಲಿಲ್ಲ. ಭುಜ ಎರಡೂ ಕಿವಿಯ ತನಕ ಎದ್ದವು. "ಒಣ..." ಅಲ್ಲಿಗೆ ನಿಂತಿತು.

ನಾನು ಮಫ್ಲರನ್ನು ಬಿಚ್ಚಿ ಎಳೆದುಕೊಂಡೆ. ಇಷ್ಟು ವರ್ಷ ಅದರ ಕೆಳಗೆ ಏನು ನಡೆಯುತ್ತಿತ್ತೋ ದೇವರಿಗೇ ಗೊತ್ತು. ಒಂದೊಂದು ಉಸಿರಿಗೂ ಗಂಟಲ ಕೆಳಗಿನ ಕುಳಿ ಒಂದು ಬೆರಳು ಹೂತುಹೋಗುವಷ್ಟು ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಕತ್ತಿನ ನರಗಳು ಹಗ್ಗದ ಹಾಗೆ ಎದ್ದು ನಿಂತಿದ್ದವು. ಡಾಕ್ಟರ ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ. ಅಂಗಿಯ ಗುಂಡಿ ಕಿತ್ತುಹೋಗುವ ಹಾಗೆ ಎಳೆದು ಬರಿಮೈಗೆ ಸ್ಟೆತಾಸ್ಕೋಪು ಇಟ್ಟರು. ಎಡಗಡೆ ಇಟ್ಟರು, ಬಲಗಡೆ ಇಟ್ಟರು, ಮತ್ತೆ ಎಡಗಡೆ ಇಟ್ಟರು. ಬೆರಳಿಗೆ ಕ್ಲಿಪ್ ಹಾಕಿಸಿದರು. ತೊಂಬತ್ತಮೂರು ಎಂದಿದ್ದ ಯಂತ್ರ ಎಂಬತ್ತಾರು ಎಂದಿತು. ನರ್ಸ್ ಗಾಲಿಮಂಚ ತಂದಳು, ಓಡುತ್ತಲೇ ಹಲ್ಲಿನಿಂದ ಹಸಿರು ಪಟ್ಟಿ ಕಚ್ಚಿ ಹರಿದಳು. ಕೆಂಪು ಪಟ್ಟಿ ಕಟ್ಟಲು ಯಾರಿಗೂ ಪುರುಸೊತ್ತಿರಲಿಲ್ಲ. ಬಾಗಿಲು ಮುಚ್ಚಿತು, ನನ್ನ ಕೈಯಲ್ಲಿ ಮಫ್ಲರ್ ಉಳಿಯಿತು.

ಹೊರಗೆ ನಾನೂ ಅತ್ತಿಗೆಯೂ ಉಳಿದೆವು. ಅತ್ತಿಗೆ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಕೂತರು. ಆಮೇಲೆ, ಚಿಕ್ಕವನಿದ್ದಾಗ ಇವನಿಗೆ ಉಸಿರು ಕಟ್ಟಿದರೆ ಅಪ್ಪ ರೇಗುತ್ತಿದ್ದರು, ಏನದು ನಾಯಿ ತೇಕಿದ ಹಾಗೆ, ಗಂಡುಮಗ ಸರಿಯಾಗಿ ಮಾತಾಡಬೇಕು ಎನ್ನುತ್ತಿದ್ದರು ಎಂದರು. ಅದನ್ನು ಈಗ ಹೇಳುತ್ತೀರಾ ಎಂದೆ. ಈಗ ನೆನಪಾಯಿತು ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು, ಸತ್ತು ಹೋದ ಮಾವನವರ ಮೇಲೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಒಳಗೆ ಮಲಗಿರುವ ಈ ಮನುಷ್ಯನ ಮೇಲೆ ಬಂತು. ಇವರು ಹೀಗೇ ಹೋಗಿಬಿಟ್ಟರೆ ಯಾರ ಹತ್ತಿರ ಜಗಳವಾಡಲಿ. ಹೋಗಬೇಡಿ, ಹೋಗಬೇಡಿ ಅಂತ ಮನಸ್ಸಿನಲ್ಲೇ ಬೈಯುತ್ತಾ ಕೂತೆ. ಅತ್ತಿಗೆ ಯಾವಾಗಲೋ ನನ್ನ ಕೈಯಿಂದ ಮಫ್ಲರ್ ತೆಗೆದುಕೊಂಡು ಮಡಚತೊಡಗಿದ್ದರು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದರು.

ಡಾಕ್ಟರ್ ಬಂದಾಗ ಅವರ ಅಂಗಿಯೂ ಬೆವರಿನಲ್ಲಿ ನೆನೆದಿತ್ತು. ಆಮ್ಲಜನಕ, ಆವಿ, ನರಕ್ಕೆ ಔಷಧಿ ಎಲ್ಲ ಹೋಗುತ್ತಿದೆ, ಗಂಟಲಿಗೆ ಕೊಳವೆ ಇಳಿಸಬೇಕಾಗಬಹುದೆಂದು ಎಲ್ಲ ಸಿದ್ಧಮಾಡಿಕೊಂಡಿದ್ದೆವು, ಸದ್ಯಕ್ಕೆ ಬೇಕಾಗಲಿಲ್ಲ ಎಂದರು. ಸೀಟಿ ನಿಂತದ್ದು ಒಳ್ಳೆಯದಲ್ಲವೇ ಎಂದು ಅತ್ತಿಗೆ ಕೇಳಿದರು. ಸೀಟಿ ಬರಬೇಕಾದರೂ ಗಾಳಿ ಓಡಾಡಬೇಕಲ್ಲ, ಅಲ್ಲಿ ಗಾಳಿಯೇ ಓಡಾಡುತ್ತಿರಲಿಲ್ಲ, ಎದೆ ಮೌನವಾಗುವುದೇ ಎಲ್ಲಕ್ಕಿಂತ ಕೆಟ್ಟದ್ದು, ಅಂಗಿ ಬಿಚ್ಚಿಸಿ ಕೇಳಿದ್ದರೆ ನನಗೆ ಮೊದಲೇ ತಿಳಿಯುತ್ತಿತ್ತು ಎಂದರು. ಈಗ ಮತ್ತೆ ಸೀಟಿ ಶುರುವಾಗಿದೆ, ಅದೇ ಸಂತೋಷದ ವಿಷಯ ಎಂದರು. ಅತ್ತಿಗೆಗೆ ಅದು ಪೂರ್ತಿ ತಲೆಗೆ ಹೋಗಲಿಲ್ಲ. ನನಗೆ ಹೋಯಿತು. ನಾನು ಡಾಕ್ಟರಿಗೆ ಬೈಯಲು ಎತ್ತಿಟ್ಟುಕೊಂಡಿದ್ದ ಮಾತು ಬಹಳವಿತ್ತು. ಸ್ಟೋರಿನವರು ಊಟ ಮುಗಿಸಿದರಾ ಎಂದಷ್ಟೇ ಕೇಳಿದೆ. ನರ್ಸ್ ಆ ಕಡೆ ತಿರುಗಿಕೊಂಡಳು.

ಸಂಜೆ ವಾರ್ಡಿನೊಳಗೆ ಬಿಟ್ಟರು. ಅತ್ತಿಗೆ ಬಟ್ಟೆ ತರಲು ಮನೆಗೆ ಹೋಗಿದ್ದರು. ಇವರು ದಿಂಬಿಗೆ ಒರಗಿ ಕೂತಿದ್ದರು. ಮುಖದ ಮೇಲೆ ಮಾಸ್ಕ್, ಅದರೊಳಗೆ ಹಬೆ. ಬರಿಗತ್ತಿನಲ್ಲಿ ಇವರನ್ನು ಹಗಲು ಬೆಳಕಿನಲ್ಲಿ ನೋಡಿ ಎಷ್ಟು ಕಾಲವಾಗಿತ್ತೋ. ಯಾರೋ ಬೇರೆಯವರ ಗಂಡನನ್ನು ನೋಡಿದ ಹಾಗಾಯಿತು. ದಿನವೆಲ್ಲ ಕೂಡಿಟ್ಟ ಬೈಗುಳವನ್ನು ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಾ ಸ್ಟೂಲು ಎಳೆದುಕೊಂಡು ಕೂತೆ. ಬಣ್ಣದಿಂದ ಶುರು ಮಾಡುವುದಾ, ಆ ಐದನೇ ಪ್ಲಾಟ್‌ಫಾರಂನಿಂದ ಶುರು ಮಾಡುವುದಾ.

ಇವರು ಏನೋ ಹೇಳಲು ಮಾಸ್ಕ್ ಸರಿಸಿದರು. ಬಲಗೈ ಹೆಬ್ಬೆರಳು ಮಂಚದ ಕಂಬಿಯ ಮೇಲೆ ಹೋಗಿ ಕೂತಿತು. ನಾನು ಅದನ್ನೇ ನೋಡಿದೆ. ನಾನು ನೋಡಿದ್ದನ್ನು ಇವರೂ ನೋಡಿದರು. ಸ್ವಲ್ಪ ಹೊತ್ತು ಕೈ ಅಲ್ಲೇ ಇತ್ತು. ಆಮೇಲೆ ತಾವಾಗಿಯೇ ಎತ್ತಿ ಹೊದಿಕೆಯ ಮೇಲೆ ಬಿಟ್ಟರು.

"ಹೆದ್ರಿಕೆ," ಎಂದರು. ಉಸಿರು ಎಳೆದುಕೊಂಡರು. "ಆಗುತ್ತೆ..." ಇನ್ನೊಂದು ಉಸಿರು. "ಕಣೇ."

ಇಷ್ಟು ವರ್ಷದಲ್ಲಿ ಈ ಒಂದು ಮಾತು ಇವರ ಬಾಯಿಂದ ಬಂದದ್ದಿಲ್ಲ. ಬೆಂಚಿನ ಮೇಲೆ ಹೆದರಿರಬೇಕು ಎಂದುಕೊಂಡು, ಯಾವಾಗ ಎಂದು ಕೇಳಿದೆ.

"ಪ್ರತಿ ಸಲ." ಎದೆಯೊಳಗೆ ಸೀಟಿ ಊದಿತು. "ಗುಂಡಿ... ಬಿಟ್ಟಾಗ." ಕಣ್ಣು ಮುಚ್ಚಿ ತೆರೆದರು. "ಮುಂದಿನ್ದು... ಬರುತ್ತೋ... ಇಲ್ವೋ ಅಂತ."

ಕೂಡಿಟ್ಟಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ದಿನಕ್ಕೆ ಎಷ್ಟು ಬಸ್ಸು, ಎಷ್ಟು ಸಲ ಗುಂಡಿ. ಕೆಳಗೆ ನಾನು ಖಾಲಿ ಡಬ್ಬಿಗಾಗಿ, ಬೇಗ ಊಟ ಮುಗಿಸಬಾರದಾ ಅಂತ ಗೊಣಗುತ್ತಾ ಕಾಯುತ್ತಿದ್ದೆ. ಮೇಲೆ ಗಾಜಿನೊಳಗೆ ಈ ಮನುಷ್ಯ ಒಂದೊಂದು ಬಸ್ಸು ಕಳಿಸಿದಾಗಲೂ ಒಬ್ಬನೇ ಕೂತು ಹೆದರುತ್ತಿದ್ದ.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ," ಎಂದೆ. ಬೈಗುಳದ ಹಾಗೆ ಬರಬೇಕಿದ್ದ ಮಾತು ಅಳುವಿನ ಹಾಗೆ ಬಂತು.

ಇವರು ಉತ್ತರ ಕೊಡಲು ಹೊರಟು, ಉಸಿರು ಸಾಲದೆ ಕೈಯೆತ್ತಿ ತಡಿ ಎಂದರು. ನಾನು ಮಾಸ್ಕನ್ನು ಮತ್ತೆ ಮುಖಕ್ಕೆ ಸರಿಯಾಗಿ ಕೂರಿಸಿದೆ. ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.

"ನಿಧಾನಕ್ಕೆ ಹೇಳಿ," ಎಂದೆ. "ನಂದೇನೂ ಬಸ್ ಹೊರಡಲ್ಲ."

ಇವರು ಉಸಿರು ಎಳೆದುಕೊಂಡರು. ಸೀಟಿ, ಕರಕರ, ಏದುಸಿರು ಎಲ್ಲ ಸೇರಿ ಪಕ್ಕದ ಮಂಚದವರು ಎದ್ದು ನೋಡುವಷ್ಟು ಜೋರಾಗಿ ಕೇಳಿಸಿತು. ಇವರು ಮುಖ ಆಚೆ ತಿರುಗಿಸಲಿಲ್ಲ.